ಜೌಗು ನೆಲಕ್ಕೆ ಇಳಿಯುವ ಮುನ್ನ

ಪುಟ್ಟೀ,

ನಿನಗೆ ಕೆಲಸ ಸಿಕ್ಕ ಸುದ್ದಿಯನ್ನು ನಿನ್ನ ಅಮ್ಮ ಹೇಳಿದ ಸಂಜೆ ದೇವರ ಮುಂದೆ ಎರಡು ಬತ್ತಿ ಹೆಚ್ಚಿಗೆ ಹಾಕಿ ದೀಪ ಹಚ್ಚಿದೆ. ಮಾರನೆಯ ದಿನ ನೀನೇ ಫೋನ್ ಮಾಡಿದಾಗ ನಿನ್ನ ದನಿಯಲ್ಲಿ ಮಾತ್ರ ಅಷ್ಟು ಹಿಗ್ಗು ಇರಲಿಲ್ಲ. "ದೊಡ್ಡಮ್ಮಾ, ದೊಡ್ಡ ಉತ್ಖನನ ಏನಲ್ಲ. ಲಂಡನ್ನಿನ ಪೂರ್ವಕ್ಕೆ ಒಂದು ಹಳೇ ಜೌಗು. ಬಿಲ್ಡಿಂಗ್ ಕಟ್ಟೋಕೆ ಮುಂಚೆ ನಾಲ್ಕು ಪರೀಕ್ಷಾ ಗುಂಡಿ ತೋಡಿ ನೋಡಬೇಕಂತೆ. ಅಲ್ಲೆಲ್ಲ ಬರೀ ತುಂಬಿದ ಮಣ್ಣು, ಏನು ಸಿಗುತ್ತೆ?" ಎಂದೆ. ಆ ಮಾತು ನನ್ನನ್ನು ಬಿಡುತ್ತಿಲ್ಲ. ಇಪ್ಪತ್ತೇಳು ವರ್ಷ ಅದೇ ಊರಿನ ಅದೇ ಕೆಸರಿನಲ್ಲಿ ಮಂಡಿಯೂರಿ ಕೆಲಸ ಮಾಡಿ ಬಂದವಳು ನಾನು. ಫೋನಿನಲ್ಲಿ ಹೇಳಿದರೆ ಅರ್ಧ ಮರೆತುಹೋಗುತ್ತದೆ ಎಂದು ಕೂತು ಬರೆಯುತ್ತಿದ್ದೇನೆ.

ಬರೀ ತುಂಬಿದ ಮಣ್ಣು ಎಂದೆಯಲ್ಲ, ಅಲ್ಲಿಂದಲೇ ಶುರು ಮಾಡುತ್ತೇನೆ. ಲಂಡನ್ನಿನ ನಡುಮಧ್ಯದಲ್ಲಿ ವಾಲ್‌ಬ್ರೂಕ್ ಎಂಬ ಹೊಳೆ ಹರಿಯುತ್ತಿತ್ತು. ಈಗ ಅದು ನೆಲದಡಿ ಸೇರಿಹೋಗಿದೆ. ಅದರ ದಡ ಕೆಸರು ಕೆಸರಾಗಿದ್ದರಿಂದ ರೋಮನ್ನರು ಊರಿನ ಕಸಮಣ್ಣನ್ನೆಲ್ಲ ತಂದು ಸುರಿದು, ನೆಲ ಎತ್ತರಿಸಿ, ಅದರ ಮೇಲೆ ಮನೆ ಅಂಗಡಿ ಕಟ್ಟಿಕೊಂಡರು. ಅದೇ ಜಾಗದಲ್ಲಿ ಬ್ಲೂಮ್‌ಬರ್ಗ್ ಕಂಪನಿಯ ಕಚೇರಿ ಕಟ್ಟುವ ಮೊದಲು, 2010ರಿಂದ 2014ರವರೆಗೆ, ಪುರಾತತ್ತ್ವದವರು ಅಗೆದರು. ಆ ಕಸಮಣ್ಣಿನಲ್ಲಿ ಸಿಕ್ಕಿದ್ದು 405 ಮರದ ಬರಹದ ಹಲಗೆಗಳು. ಹಲಗೆಯ ನಡುವೆ ತೆಳ್ಳಗೆ ಕೊರೆದು ಜೇನುಮೇಣ ತುಂಬಿ, ಮೊನಚು ಕಡ್ಡಿಯಿಂದ ಅದರ ಮೇಲೆ ಗೀಚುತ್ತಿದ್ದರು. ಮೇಣ ಎಂದೋ ಹೋಗಿದೆ. ಆದರೆ ಒತ್ತಿ ಬರೆದ ಕಡೆ ಕಡ್ಡಿಯ ಮೊನೆ ಮೇಣ ದಾಟಿ ಮರಕ್ಕೇ ತಾಗಿತ್ತು. ಆ ಗೀರುಗಳನ್ನು ಓರೆ ಬೆಳಕಿನಲ್ಲಿ ಫೋಟೋ ಹಿಡಿದು ರೋಜರ್ ಟಾಮ್ಲಿನ್ ಎಂಬ ವಿದ್ವಾಂಸರು ಓದಿದರು. ಒಂದರಲ್ಲಿ ತಾರೀಖು ಇದೆ: ಕ್ರಿ.ಶ. 57ರ ಜನವರಿ 8. ಗುಲಾಮಗಿರಿಯಿಂದ ಬಿಡುಗಡೆಯಾದ ಟಿಬುಲ್ಲಸ್ ಎಂಬವನು, ಅವನಂತೆಯೇ ಬಿಡುಗಡೆಯಾದ ಗ್ರಾಟಸ್ ಎಂಬವನಿಂದ ಸರಕು ಪಡೆದು, ಅದರ ಬಾಬ್ತು 105 ಡಿನೇರಿಯಸ್ ಕೊಡಬೇಕಾಗಿದೆ ಎಂದು ಬರೆದುಕೊಟ್ಟ ಸಾಲಪತ್ರ ಅದು. ತಾರೀಖು ಇರುವ ಕೈಬರಹಗಳಲ್ಲಿ ಬ್ರಿಟನ್ನಿನಲ್ಲಿ ಇದಕ್ಕಿಂತ ಹಳೆಯದು ಸಿಕ್ಕಿಲ್ಲ. ಗದ್ದುಗೆಯ ಮೇಲಿದ್ದವರ ಶಾಸನವಲ್ಲ ಇದು. ಇಬ್ಬರು ವ್ಯಾಪಾರಿಗಳ ಲೆಕ್ಕದ ಚೀಟಿ. ಕಸದ ಜೊತೆ ಬಂದು ಕೆಸರಿಗೆ ಬಿತ್ತು, ಅದರಿಂದಲೇ ಉಳಿಯಿತು.

ಆ ಡಿನೇರಿಯಸ್ ಎಂಬ ಬೆಳ್ಳಿ ನಾಣ್ಯ ನಮಗೆ ಹೊರಗಿನದೇನೂ ಅಲ್ಲ. ಅದೇ ಹೆಸರು ನಮ್ಮ ನಾಡಿಗೆ ಬಂದು ದೀನಾರವಾಯಿತು. ನೀನು ಸಣ್ಣವಳಿದ್ದಾಗ ಚಿತ್ರದುರ್ಗದಲ್ಲಿ ಚಂದ್ರವಳ್ಳಿ ಕೆರೆಯ ಏರಿಯ ಮೇಲೆ ನಿನ್ನನ್ನು ಕೈಹಿಡಿದು ನಡೆಸಿದ್ದೆ, ನೆನಪಿದೆಯಾ? ಅಲ್ಲಿಯ ನೆಲದಲ್ಲಿ ಟೈಬೀರಿಯಸ್ ಚಕ್ರವರ್ತಿಯ ಕಾಲದ ರೋಮನ್ ಬೆಳ್ಳಿ ನಾಣ್ಯ ಸಿಕ್ಕಿದೆ. ಲಂಡನ್ ಎಂಬ ಊರು ಹುಟ್ಟುವ ಮೊದಲೇ ಟಂಕಿಸಿದ ನಾಣ್ಯ ಅದು. ಮೈಸೂರು ಸಂಸ್ಥಾನದ ಎಂ.ಎಚ್. ಕೃಷ್ಣ ಅವರು ಅಲ್ಲಿ ಅಗೆದರು, ಆಮೇಲೆ 1947ರಲ್ಲಿ ಮಾರ್ಟಿಮರ್ ವೀಲರ್ ಅಗೆದರು. ಅದೇ ವೀಲರ್ ಅದಕ್ಕೂ ಮುಂಚೆ ಲಂಡನ್ ಮ್ಯೂಸಿಯಮ್ಮಿನ ಮುಖ್ಯಸ್ಥರಾಗಿದ್ದವರು. ಅಗೆದ ಗೋಡೆಯಲ್ಲಿ ಪದರ ಪದರಕ್ಕೂ ಚೀಟಿ ಚುಚ್ಚಿ, ಗೋಡೆಯನ್ನು ಗಾರೆ ಗೋಡೆಯ ಹಾಗೆ ನೆಟ್ಟಗೆ ಇಟ್ಟುಕೊಳ್ಳಬೇಕೆಂದು ಹಟ ಹಿಡಿದವರು. ನೀನು ಹೋಗುತ್ತಿರುವ ಊರಿಗೂ ನಮ್ಮೂರಿಗೂ ಈ ಕೆಲಸದಲ್ಲಿ ಹಳೆಯ ನಂಟಿದೆ.

ಪದರ ಓದುವುದನ್ನು ನಾನು ಮೊದಲು ಕಲಿತದ್ದು ಮಾತ್ರ ವೀಲರ್ ಪುಸ್ತಕದಿಂದಲ್ಲ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಅಜ್ಜ ಗೋಡು ಹೊಡೆಯಲು ಗಾಡಿ ಕಟ್ಟುತ್ತಿದ್ದರು. ಗುದ್ದಲಿ ಇಳಿದ ಕಡೆ ಹೂಳು ಕಪ್ಪು, ಬೂದು, ಕಪ್ಪು ಎಂದು ಗೆರೆ ಗೆರೆಯಾಗಿ ಕಾಣುತ್ತಿತ್ತು. ನಡುವೆ ಒಂದು ಕಡೆ ಬೆರಳು ದಪ್ಪ ಕೆಂಪು ಮರಳು. "ಅದು ನಿಮ್ಮಪ್ಪ ಹುಟ್ಟಿದ ವರ್ಷದ ಮಳೆ. ಮೇಲಿನ ಕೆರೆ ಒಡೆದು ಬಂತು" ಎಂದು ಅಜ್ಜ ತೋರಿಸಿದ್ದರು. ಅಕ್ಷರ ಬಾರದ ಮನುಷ್ಯ ಕೆರೆಯಂಗಳದಲ್ಲಿ ಕೂತು ವರ್ಷ ಓದುತ್ತಿದ್ದ. ನೀನು ಇಳಿಯುವ ಗುಂಡಿಯಲ್ಲೂ ನಿನ್ನ ಕೆಲಸ ಅಷ್ಟೇ, ಆದರೆ ಓದಿದ್ದನ್ನು ಬರೆದಿಡಬೇಕು.

ಮೇಲೆ ಕಾಂಕ್ರೀಟು ಇರುತ್ತದೆ. ಅದರ ಕೆಳಗೆ ಇಟ್ಟಿಗೆ ಚೂರು, ಇದ್ದಿಲು ಬೂದಿ, ಗಾಜು. ಯಂತ್ರ ಓಡಿಸುವವನು ಬೇಗ ಬೇಗ ತೆಗೆದುಬಿಡುತ್ತಾನೆ. ನೀನು ಮೊಬೈಲ್ ನೋಡುತ್ತ ನಿಲ್ಲಬೇಡ. ಆ ಇಟ್ಟಿಗೆ ಯಾವ ಮನೆಯದೋ ಯಾರಿಗೆ ಗೊತ್ತು? ಪೂರ್ವ ಲಂಡನ್ನಿನ ಹ್ಯಾಕ್ನಿ ಮಾರ್ಷಸ್ ಎಂಬ ಜೌಗನ್ನು ಎತ್ತರಿಸಿದ್ದು ಎರಡನೇ ಮಹಾಯುದ್ಧದಲ್ಲಿ ಜರ್ಮನಿಯ ಬಾಂಬಿಗೆ ಬಿದ್ದ ಮನೆಗಳ ಅವಶೇಷದಿಂದ. ಇವತ್ತು ಅದರ ಮೇಲೆ ಭಾನುವಾರ ಹುಡುಗರು ಫುಟ್‌ಬಾಲ್ ಆಡುತ್ತಾರೆ. ಒಡೆದ ಹಿಡಿಯ ಒಂದು ಚಹಾ ಕಪ್ಪು ಬಂದರೂ ಎತ್ತಿ ನೋಡು. ಇನ್ನೂ ಕೆಳಗೆ ಹೋದರೆ ಬಿಳೀ ಜೇಡಿಯ ಹೊಗೆಸೊಪ್ಪಿನ ಕೊಳವೆಗಳು ಸಿಗುತ್ತವೆ. ಹೊಗೆಸೊಪ್ಪು ಹೊಸದಾಗಿ ಬಂದಾಗ ತುಟ್ಟಿಯಾಗಿತ್ತು, ಅದಕ್ಕೆ ಹಳೆಯ ಕೊಳವೆಯ ಬಾಯಿ ಕಿರುಬೆರಳ ತುದಿಯಷ್ಟು. ಬೆಲೆ ಇಳಿಯುತ್ತ ಬಂದ ಹಾಗೆ ಬಾಯಿ ದೊಡ್ಡದಾಯಿತು. ಆ ಬಾಯಿಯ ಆಕಾರ ನೋಡಿ, ಈ ಮಣ್ಣು ಯಾವ ಕಾಲದಲ್ಲಿ ಇಲ್ಲಿಗೆ ಬಂದು ಬಿತ್ತು ಎಂದು ಹೇಳಬಹುದು. ಜೌಗು ಯಾವಾಗ ಊರಾಯಿತು ಎಂಬ ಪ್ರಶ್ನೆಗೆ ಉತ್ತರ ಕೊಡುವುದೇ ಆ ತುಂಬಿದ ಮಣ್ಣು.

ಅದು ಮುಗಿದ ಮೇಲೆ ಬಣ್ಣ ಬದಲಾಗುತ್ತದೆ. ನೀಲಿ ಛಾಯೆಯ ಬೂದು ಜೇಡಿ ಬರುತ್ತದೆ, ಅದರ ಕೆಳಗೆ ಪೀಟ್: ಕೊಳೆಯದೆ ಒತ್ತೊತ್ತಿ ಕೂತ ಗಿಡಗಂಟಿಯ ಕಪ್ಪು ಮಣ್ಣು. ಇಲ್ಲಿ ಯಂತ್ರ ನಿಲ್ಲಿಸಲು ಹೇಳು, ಕರಣೆ ಹಿಡಿ. ನೀರು ನಿಂತ ಈ ಮಣ್ಣಿನೊಳಗೆ ಗಾಳಿ ಹೋಗುವುದಿಲ್ಲ. ಮರ, ಚರ್ಮ, ಬಟ್ಟೆ ತಿನ್ನುವ ಶಿಲೀಂಧ್ರ, ಸೂಕ್ಷ್ಮಜೀವಿಗಳಿಗೆ ಉಸಿರಾಡಲು ಗಾಳಿ ಬೇಕು. ಒಣ ನೆಲದಲ್ಲಿ ಮಡಕೆ, ಕಲ್ಲು, ಮೂಳೆ ಉಳಿದರೆ ನಮ್ಮ ಪುಣ್ಯ. ಇಲ್ಲಿ ಚಪ್ಪಲಿಯ ಹೊಲಿಗೆ ಕೂಡ ಉಳಿಯುತ್ತದೆ. ಹಿತ್ತಾಳೆ ಪದಾರ್ಥ ಕಿಲುಬು ಹಿಡಿಯದೆ ನೆನ್ನೆ ಅಂಗಡಿಯಿಂದ ತಂದ ಹಾಗೆ ಹಳದಿಯಾಗಿ ಹೊಳೆಯುತ್ತದೆ.

ಒಂದು ನೋಟ ಹೇಳುತ್ತೇನೆ, ನೀನೂ ಒಂದು ದಿನ ಕಾಣುತ್ತೀಯ. ಪೀಟಿನ ಹೆಂಟೆಯನ್ನು ಮೆಲ್ಲಗೆ ಪುಸ್ತಕದ ಹಾಳೆ ಬಿಡಿಸಿದ ಹಾಗೆ ಬಿಡಿಸಿದರೆ ಒಳಗೆ ಒಂದು ಎಲೆ ಇರುತ್ತದೆ. ಬಿಡಿಸಿದ ಕ್ಷಣ ಅದು ಹಸಿರಾಗಿರುತ್ತದೆ, ನರಗಳೆಲ್ಲ ಕಾಣುತ್ತವೆ. ಯಾರನ್ನಾದರೂ ಕರೆದು ತೋರಿಸೋಣ ಎಂದು ತಲೆ ಎತ್ತುವಷ್ಟರಲ್ಲಿ ಕಂದು. ಅವರು ಬಂದು ಬಗ್ಗುವಷ್ಟರಲ್ಲಿ ಕಪ್ಪು. ಸಾವಿರಾರು ವರ್ಷ ಕಾದಿದ್ದ ಬಣ್ಣ ನಿನ್ನ ಕಣ್ಣೆದುರಿಗೆ ಒಂದೆರಡು ನಿಮಿಷದಲ್ಲಿ ಹೋಗುತ್ತದೆ. ಮೂಳೆಯ ಪಕ್ಕದಲ್ಲಿ ಮಾಸಲು ಬಿಳಿಯ ಪುಡಿ ಕಂಡರೆ ಸ್ವಲ್ಪ ಹೊತ್ತು ಬಿಟ್ಟು ನೋಡು, ಗಾಳಿ ತಾಗಿ ಗಾಢ ನೀಲಿಯಾಗುತ್ತದೆ. ವಿವಿಯನೈಟ್ ಎಂಬ ಖನಿಜ ಅದು. ಹೀಗೆ ಆ ಮಣ್ಣಿನಲ್ಲಿ ಎಲ್ಲವೂ ನೀನು ಮುಟ್ಟಿದ ಗಳಿಗೆಯಿಂದ ಬದಲಾಗತೊಡಗುತ್ತದೆ. ಅದಕ್ಕೇ ಮೊದಲು ಕಂಡ ಬಣ್ಣವನ್ನು ಮೊದಲು ಬರೆ. ಚಹಾ ಕುಡಿದು ಬಂದು ಬರೆಯುತ್ತೇನೆ ಎನ್ನಬೇಡ.

ಇದನ್ನು ನಾನು ಕಲಿತದ್ದು ತಪ್ಪು ಮಾಡಿ. ನನ್ನ ಎರಡನೇ ವರ್ಷ, ನದಿಯ ದಕ್ಷಿಣ ದಡದ ಒಂದು ಗುಂಡಿಯಲ್ಲಿ ಓಕ್ ಮರದ ಒಂದು ಹಲಗೆ ಸಿಕ್ಕಿತು. ಗಜದುದ್ದ, ತುದಿಯಲ್ಲಿ ಗೂಟದ ತೂತು. ಮೈಮೇಲೆ ಕೊಡಲಿಯ ಏಟುಗಳು ಒಂದರ ಪಕ್ಕ ಒಂದು, ಬಾಳೆಹಣ್ಣಿನ ಹೋಳು ಕತ್ತರಿಸಿದ ಹಾಗೆ ನುಣ್ಣಗೆ. ಒಂದು ಏಟಿನಲ್ಲಿ ಸಣ್ಣ ಏಣು ಇತ್ತು; ಬಡಗಿಯ ಕೊಡಲಿಯ ಬಾಯಿ ಆ ಕಡೆ ಚಕ್ಕೆ ಎದ್ದಿರಬೇಕು. ಅದೇ ಏಣು ಬೇರೆ ಮರದ ಮೇಲೂ ಕಂಡರೆ ಎರಡನ್ನೂ ಕೆತ್ತಿದವನು ಒಬ್ಬನೇ ಎಂದು ಹೇಳಬಹುದಿತ್ತು. ಅಪರೂಪಕ್ಕೆ ಬಿಸಿಲು ಬಿದ್ದಿತ್ತು. ಊಟಕ್ಕೆ ಕರೆದರು, ಹೋದೆ. ಒದ್ದೆ ಸ್ಪಂಜು ಹೊದಿಸಲಿಲ್ಲ, ಪ್ಲಾಸ್ಟಿಕ್ ಹಾಳೆ ಮುಚ್ಚಲಿಲ್ಲ. ಮುಕ್ಕಾಲು ಗಂಟೆಯ ಮೇಲೆ ಬಂದು ನೋಡಿದರೆ ಮೇಲ್ಮೈ ಬಿರಿದು ಸಿಪ್ಪೆ ಎದ್ದಿತ್ತು, ಆ ಏಣು ಹೋಗಿತ್ತು. ನೀರೇ ಆ ಮರದ ಒಳಗಿನ ಊರುಗೋಲು. ನೀರು ಆರಿದರೆ ಮರದ ಜೀವಕೋಶಗಳು ಕುಸಿಯುತ್ತವೆ, ಮತ್ತೆ ನೆನೆಸಿದರೆ ಏಳುವುದಿಲ್ಲ. ಫೋಟೋ ತೆಗೆದಿರಲಿಲ್ಲ, ಚಿತ್ರ ಬರೆದಿರಲಿಲ್ಲ. ಎಷ್ಟೋ ಶತಮಾನ ಉಳಿದ ಒಬ್ಬ ಬಡಗಿಯ ಕೈಗುರುತು ನನ್ನ ಒಂದು ಊಟದ ಹೊತ್ತಿಗೆ ಅಳಿಸಿತು. ಇವತ್ತಿಗೂ ಆ ಹಲಗೆ ನೆನಪಾದರೆ ಹೊಟ್ಟೆ ತೊಳಸುತ್ತದೆ.

ಮೇರಿ ರೋಸ್ ಎಂಬ ಹಡಗನ್ನು 1982ರಲ್ಲಿ ಸಮುದ್ರದಿಂದ ಎತ್ತಿದ ಮೇಲೆ 2013ರವರೆಗೂ ಅದರ ಮೇಲೆ ಮೊದಲು ನೀರು, ಆಮೇಲೆ ಮೇಣದಂಥ ದ್ರಾವಣ ಸಿಂಪಡಿಸುತ್ತಲೇ ಇದ್ದರು. ಒದ್ದೆ ಮರ ಎತ್ತುವುದೆಂದರೆ ಅಷ್ಟು ವರ್ಷದ ಹೊಣೆ ಹೊತ್ತ ಹಾಗೆ. ಪರೀಕ್ಷಾ ಗುಂಡಿಯಲ್ಲಿ ಎಲ್ಲವನ್ನೂ ಎತ್ತಲೇಬೇಕೆಂದಿಲ್ಲ. ಅಳತೆ, ಚಿತ್ರ, ಮಾದರಿ ತೆಗೆದು, ಮಿಕ್ಕದ್ದನ್ನು ಇದ್ದಲ್ಲೇ ಒದ್ದೆಯಾಗಿ ಮುಚ್ಚಿ ಬರುವುದೂ ಒಳ್ಳೆಯ ಕೆಲಸವೇ. ಮಾದರಿ ತೆಗೆಯುವಾಗ ತೊಗಟೆ ಇರುವ ಕಡೆ ಹುಡುಕು. ತೊಗಟೆಯವರೆಗಿನ ಉಂಗುರಗಳು ಉಳಿದಿದ್ದರೆ, ಲೆಕ್ಕ ಕೂಡಿಬಂದಾಗ, ಮರ ಕಡಿದ ವರ್ಷವನ್ನೇ ಹೇಳಬಹುದು.

ಇನ್ನೊಂದು, ಕತೆ ಕಟ್ಟಲು ಅವಸರ ಪಡಬೇಡ. 2013ರಲ್ಲಿ ಲಿವರ್‌ಪೂಲ್ ಸ್ಟ್ರೀಟ್ ಸ್ಟೇಶನ್ನಿನ ಹತ್ತಿರ, ಹೊಸ ರೈಲು ಮಾರ್ಗದ ಕೆಲಸದಲ್ಲಿ, ವಾಲ್‌ಬ್ರೂಕ್‌ನ ಹಳೆಯ ಹೂಳಿನಿಂದ ಸುಮಾರು 20 ರೋಮನ್ ತಲೆಬುರುಡೆ ಬಂದವು. ಬರೀ ಬುರುಡೆ. ರಾಣಿ ಬೂಡಿಕಾ ದಂಗೆಯೆದ್ದು ಲಂಡನ್ ಸುಟ್ಟಾಗ ಕಡಿದ ತಲೆಗಳು ಎಂಬ ಮಾತು ಹಿಂದಿನಿಂದಲೂ ಇತ್ತು, ಕೇಳಲೂ ರೋಮಾಂಚನ. ಆದರೆ ಮೇಲ್ಹರಿವಿನ ಕಡೆ ರೋಮನ್ ಸ್ಮಶಾನ ಇತ್ತು. ಹೊಳೆ ದಡ ಕೊರೆದಾಗ ಮೂಳೆಗಳು ನೀರಿಗೆ ಬಿದ್ದವು, ಗುಂಡಗಿರುವ ಬುರುಡೆ ಉರುಳಿ ಉರುಳಿ ದೂರ ಬಂತು. ಅಗೆದವರು ಹೂಳಿನ ಸ್ವಭಾವ ನೋಡಿ ಹೇಳಿದ ಮಾತು ಇದು, ನನಗೂ ಇದೇ ಸರಿ ಎನಿಸುತ್ತದೆ. ಏನು ಸಿಕ್ಕಿತು ಎನ್ನುವುದಕ್ಕಿಂತ ಮೊದಲು ಅದು ಅಲ್ಲಿಗೆ ಹೇಗೆ ಬಂತು ಎಂದು ಕೇಳಿಕೊ.

ಅದೇ ಸ್ಟೇಶನ್ನಿನ ಸುತ್ತಲ ನೆಲ ಒಂದು ಕಾಲಕ್ಕೆ ದೊಡ್ಡ ಜೌಗು. ಸುಮಾರು ಕ್ರಿ.ಶ. 200ರಲ್ಲಿ ರೋಮನ್ನರು ಊರಿಗೆ ಕೋಟೆ ಗೋಡೆ ಕಟ್ಟಿದರು, ಹೊಳೆಯ ಹರಿವಿಗೆ ಅಡ್ಡಿಯಾಯಿತು, ಗೋಡೆಯಾಚೆ ನೀರು ನಿಂತಿತು. ಮೂರ್‌ಫೀಲ್ಡ್ಸ್ ಎಂದು ಹೆಸರಾದ ಜಾಗ ಅದು. ಹನ್ನೆರಡನೇ ಶತಮಾನದಲ್ಲಿ ವಿಲಿಯಂ ಫಿಟ್ಸ್‌ಸ್ಟೀಫನ್ ಎಂಬವನು ಬರೆದಿಟ್ಟಿದ್ದಾನೆ: ಚಳಿಗಾಲದಲ್ಲಿ ಆ ಜೌಗು ಹೆಪ್ಪುಗಟ್ಟಿದಾಗ ಹುಡುಗರು ಪ್ರಾಣಿಯ ಕಾಲಿನ ಮೂಳೆಯನ್ನು ಪಾದಕ್ಕೆ ಕಟ್ಟಿಕೊಂಡು, ಕೈಯಲ್ಲಿ ಕೋಲು ಹಿಡಿದು ಮಂಜುಗಡ್ಡೆಯ ಮೇಲೆ ಜಾರುತ್ತಿದ್ದರಂತೆ. ಆ ಮೂಳೆಗಳು ಅಲ್ಲಿಯ ಮಣ್ಣಿನಲ್ಲಿ ಸಿಕ್ಕಿವೆ. ಒಂದನ್ನು ಕೈಯಲ್ಲಿ ಹಿಡಿದು ನೋಡುವ ಭಾಗ್ಯ ನನಗೆ ಸಿಕ್ಕಿತ್ತು. ಮೇಲೆ ಮಾಮೂಲಿ ಮೂಳೆ, ಒರಟು. ತಿರುಗಿಸಿದರೆ ಅಡಿಭಾಗ ಕನ್ನಡಿಯಷ್ಟು ನಯ, ಜಾರಿದ ದಿಕ್ಕಿಗೆ ಸಣ್ಣ ಗೆರೆಗಳು. ಆಡಿದ ಹುಡುಗನ ಭಾರ ಅದರಲ್ಲಿ ಇತ್ತು. ತೊಳೆಯುವವರು ಅದನ್ನು ಊಟದ ಮೂಳೆ ಎಂದು ಬುಟ್ಟಿಗೆ ಹಾಕಿಬಿಟ್ಟಿದ್ದರೆ ಮುಗಿಯಿತು. ಯಾವ ಮೂಳೆಯನ್ನೂ ತಿರುಗಿಸಿ ನೋಡದೆ ಇಡಬೇಡ.

1527ರಲ್ಲಿ ಆ ಜೌಗನ್ನು ಬಸಿದರು, 1569ರಲ್ಲಿ ಅದರ ಬದಿಯಲ್ಲೇ ಹೊಸ ಸ್ಮಶಾನ ಮಾಡಿದರು. ಬೆಡ್ಲಮ್ ಸ್ಮಶಾನ ಎಂದು ಜನ ಕರೆದರು. 2015ರಲ್ಲಿ ಅಲ್ಲಿ ಅರವತ್ತು ಮಂದಿ ಅಗೆದು 3,000ಕ್ಕೂ ಹೆಚ್ಚು ಅಸ್ಥಿಪಂಜರ ತೆಗೆದರು. ಒಂದೇ ಗುಂಡಿಯಲ್ಲಿ ಸಾಲಾಗಿ ಹೂತವರ ಹಲ್ಲಿನಿಂದ 1665ರ ಪ್ಲೇಗಿನ ರೋಗಾಣುವಿನ ಗುರುತು ಮೊದಲ ಬಾರಿಗೆ ಸಿಕ್ಕಿತು. ಅಷ್ಟು ದೊಡ್ಡ ಕೆಲಸಕ್ಕೂ ಮೊದಲು ಸಣ್ಣ ಸಣ್ಣ ಪರೀಕ್ಷಾ ಗುಂಡಿಗಳನ್ನೇ ತೋಡಿ ನೋಡಿದ್ದು. ಆ ಸತ್ತವರನ್ನೆಲ್ಲ ಆಮೇಲೆ ಕ್ಯಾನ್ವೆ ದ್ವೀಪದಲ್ಲಿ ಮತ್ತೆ ಮಣ್ಣು ಮಾಡಿದರು. ಆ ದ್ವೀಪವೂ ಹದಿನೇಳನೇ ಶತಮಾನದಲ್ಲಿ ಡಚ್ಚರು ಕಟ್ಟೆ ಹಾಕಿ ಸಮುದ್ರದಿಂದ ಗೆದ್ದ ಜೌಗೇ. ನಿನ್ನ ಗುಂಡಿಯಲ್ಲಿ ಮನುಷ್ಯರ ಮೂಳೆ ಬಂದರೆ ಅಲ್ಲೇ ನಿಲ್ಲಿಸಿ ಮೇಲಿನವರಿಗೆ ತಿಳಿಸು, ಮುಚ್ಚು, ಫೋಟೋ ತೆಗೆದು ಯಾರಿಗೂ ಕಳಿಸಬೇಡ. ಅವರೂ ಯಾರದೋ ಮನೆಯವರು.

ಏನೂ ಸಿಗದಿದ್ದರೆ? ಹೆಚ್ಚಿನ ಗುಂಡಿಗಳಲ್ಲಿ ಏನೂ ಸಿಗುವುದಿಲ್ಲ, ಅದನ್ನು ಈಗಲೇ ಒಪ್ಪಿಕೊ. ಆದರೆ ಖಾಲಿ ಗುಂಡಿಯೂ ವರದಿ ಕೇಳುತ್ತದೆ. ಪೀಟ್ ಎಷ್ಟು ಆಳದಲ್ಲಿ ಶುರುವಾಯಿತು, ಎಲ್ಲಿಗೆ ಮುಗಿಯಿತು, ನೀರು ಎಲ್ಲಿ ಊರಿತು ಎಂಬ ಮೂರು ಅಂಕಿಗಳನ್ನು ಗುಂಡಿ ಗುಂಡಿಯಿಂದ ಕೂಡಿಸಿದರೆ ನದಿ ಎಲ್ಲೆಲ್ಲಿ ಹರಿದಿತ್ತು ಎಂದು ಹೇಳಬಹುದು. ಪ್ಲಮ್‌ಸ್ಟೆಡ್‌ನ ಬೆಲ್‌ಮಾರ್ಷ್ ಜೈಲಿನ ಹತ್ತಿರ ಆಳದ ಪೀಟಿನಡಿಯಲ್ಲಿ ಸುಮಾರು 6,000 ವರ್ಷ ಹಳೆಯ ಮರದ ಕಾಲುದಾರಿ ಸಿಕ್ಕಿತು. ಜೌಗಿನಲ್ಲಿ ಕಾಲು ಹೂತುಹೋಗದ ಹಾಗೆ ಯಾರೋ ಮರ ಹಾಸಿ ನಡೆದಿದ್ದರು. ಅಂಥದ್ದು ನಿನ್ನ ಗುಂಡಿಗೆ ಒಂದು ಮಾರು ದೂರದಲ್ಲಿ ಇರಬಹುದು. ನೀನು ಸರಿಯಾಗಿ ಬರೆದ ಅಂಕಿ ಇದ್ದರೆ ಮುಂದೆ ಬರುವವರು ಅಲ್ಲಿ ತೋಡುತ್ತಾರೆ.

ಆ ವರದಿಯ ಮೇಲೆ ಕಟ್ಟಡದ ಪಾಯ ನಿಲ್ಲುತ್ತದೆ, ಇದನ್ನೂ ತಿಳಿದುಕೊ. 1989ರಲ್ಲಿ ಸದಕ್‌ನ ಜೌಗು ದಡದಲ್ಲಿ 1587ರ ರೋಸ್ ನಾಟಕಶಾಲೆಯ ಅಡಿಪಾಯ ಸಿಕ್ಕಾಗ ಅಗೆಯಲು ಕೊಟ್ಟ ಕಾಲ ಸಾಲಲಿಲ್ಲ. ನಟರು, ಜನ ಬೀದಿಯಲ್ಲಿ ನಿಂತರು. ಕಡೆಗೆ ಅಲ್ಲಿ ಏಳಬೇಕಿದ್ದ ಹೊಸ ಕಟ್ಟಡದ ನಕ್ಷೆ ಬದಲಿಸಿ, ಅವಶೇಷವನ್ನು ನೀರಿನಡಿ ಮುಚ್ಚಿಟ್ಟರು. ಮಾರನೆಯ ವರ್ಷ, 1990ರಲ್ಲಿ, ಇಂಗ್ಲೆಂಡಿನ ಸರಕಾರ ಹೊಸ ಮಾರ್ಗಸೂಚಿ ತಂದಿತು. ಕಟ್ಟುವವರು ಮೊದಲು ನೆಲ ಪರೀಕ್ಷೆ ಮಾಡಿಸಬೇಕು, ಅದರ ಖರ್ಚೂ ಅವರದೇ. ನಿನ್ನ ಸಂಬಳ ಬರುತ್ತಿರುವುದು ಆಗ ಶುರುವಾದ ಆ ಪದ್ಧತಿಯಿಂದ. ಹಣ ಕೊಡುವವರಿಗೆ ಬೇಗ ಮುಗಿಯಬೇಕು. ಅದರಲ್ಲಿ ಅನ್ಯಾಯವಿಲ್ಲ, ಅವರ ದಿನಕ್ಕೂ ಬೆಲೆ ಇದೆ. ನಗುತ್ತಲೇ ಮಾತಾಡು, ಹೇಳಿದ ದಿನಕ್ಕೆ ಮುಗಿಸು. ಆದರೆ ಕಂಡದ್ದನ್ನು ಕಾಣಲಿಲ್ಲ ಎಂದು, ಕಾಣದ್ದನ್ನು ಕಂಡೆ ಎಂದು ಯಾರಿಗೋಸ್ಕರವೂ ಬರೆಯಬೇಡ. ತೋಡಿದ ಮೇಲೆ ಆ ಮಣ್ಣು ಇರುವುದಿಲ್ಲ. ನಿನ್ನ ಹಾಳೆ ಒಂದೇ ಇರುತ್ತದೆ, ಅದನ್ನು ಸರಿಯೋ ತಪ್ಪೋ ಎಂದು ಮತ್ತೆ ಅಗೆದು ನೋಡುವ ದಾರಿ ಯಾರಿಗೂ ಇಲ್ಲ.

ಮೈಯ ಕಡೆಗೂ ಗಮನವಿರಲಿ. ಜೌಗಿನ ಗುಂಡಿಯ ಗೋಡೆ ನೋಡಲು ಗಟ್ಟಿ, ಕೆಳಗಿನಿಂದ ನೀರು ತಿಂದು ಸದ್ದಿಲ್ಲದೆ ಕುಸಿಯುತ್ತದೆ. ಎದೆಯೆತ್ತರ ದಾಟಿದ ಗುಂಡಿಗೆ ಆಸರೆ ಹಾಕದೆ, ಅಥವಾ ಮೆಟ್ಟಿಲು ಮೆಟ್ಟಿಲಾಗಿ ಅಗಲಿಸದೆ ಇಳಿಯಬೇಡ. ಯಾರು ಅವಸರ ಮಾಡಿದರೂ ಇಳಿಯಬೇಡ. ಒಬ್ಬಳೇ ಇಳಿಯಬೇಡ. ಹಳೇ ಕಾರ್ಖಾನೆಯ ಬೂದಿ, ಟಾರು, ಕಲ್ನಾರು ಆ ತುಂಬಿದ ಮಣ್ಣಿನಲ್ಲಿ ಇರುತ್ತವೆ. ನಿಂತ ನೀರಿನಲ್ಲಿ ಇಲಿಜ್ವರದ ಭಯ ಅಲ್ಲಿಯೂ ಇದೆ. ಗಾಯವಿದ್ದರೆ ಕಟ್ಟಿಕೊ, ಕೈ ತೊಳೆಯದೆ ಬಿಸ್ಕತ್ತು ಮುಟ್ಟಬೇಡ. ಕಾಲುಚೀಲ ಎರಡು ಜೊತೆ ಒಯ್ಯಿ.

ಸೋಮವಾರ ಮೊದಲ ಗುಂಡಿ ಎಂದೆ. ಸಂಜೆ ಮನೆಗೆ ಬಂದು ಬಿಸಿ ನೀರಲ್ಲಿ ಕಾಲು ಇಟ್ಟುಕೊಂಡು ನನಗೆ ಫೋನ್ ಮಾಡು. ಏನು ಸಿಕ್ಕಿತು ಎಂದು ನಾನು ಕೇಳುವುದಿಲ್ಲ. ಪದರ ಎಷ್ಟು, ನೀರು ಎಷ್ಟು ಆಳದಲ್ಲಿ ಬಂತು, ಪೀಟ್ ಬಿಡಿಸಿದಾಗ ಮೊದಲು ಕಂಡ ಬಣ್ಣ ಯಾವುದು, ಇಷ್ಟು ಹೇಳು.

ನಿನ್ನ ದೊಡ್ಡಮ್ಮ